ಎಡಗೈಯಲ್ಲಿ ಇಸಿದುಕೊಂಡ ಕಪ್

ತಂಡದ ನಾಯಕನಾಗಿ ವೇದಿಕೆ ಹತ್ತಿದ ನಾನು ಕಪ್ ಇಸಿದುಕೊಳ್ಳಲು ಎಡಗೈ ಒಡ್ಡಿದೆ. ನಮ್ಮ ಬಾಲ್ ಬ್ಯಾಡ್ಮಿಂಟನ್ ಕ್ಲಬ್ಬಿನ ಕಾರ್ಯದರ್ಶಿಗಳು ಹಲ್ಲು ಕಚ್ಚಿ ಪಿಸುಗುಟ್ಟಿದರು: “ದೊಡ್ಡೋರ ಹತ್ರ ಎಡಗೈಲಿ ಇಸ್ಕೋತಾರೇನಯ್ಯ? ಮನೇಲಿ ಇಷ್ಟೂ ಹೇಳ್ಕೊಟ್ಟಿಲ್ವಾ?”

ಅರವತ್ತರ ದಶಕದ ಜಯನಗರದ ಮೈದಾನ ಅದು. ಹದಿನೈದು ದಿನಗಳ ಹಿಂದಿನ ಪಂದ್ಯದಲ್ಲಿ ನನ್ನ ಬಲಭುಜ ಉಳುಕಿತ್ತು. ಆರು ವಾರ ಆಟ ಬೇಡ, ದಿನವೂ ಗೋಡೆಯ ಮೇಲೆ ಬೆರಳು ಹತ್ತಿಸಿ ಕೈ ಎತ್ತುತ್ತಾ ಹೋಗಿ ಎಂದಿದ್ದರು ಡಾಕ್ಟರು. ಮುಟ್ಟಿದ ಎತ್ತರಕ್ಕೆ ದಿನಾ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಿದ್ದೆ. ಗೆರೆ ಕಿವಿಯ ಮಟ್ಟಕ್ಕೆ ಬಂದ ದಿನವೇ ಮನೆಗೆ ಬಂದ ಈ ಕಾರ್ಯದರ್ಶಿ ಮಹಾನುಭಾವರು, “ಗೋಡೆ ಸವರೋಕಾಗುತ್ತೆ, ಫೈನಲ್ ಆಡೋಕಾಗಲ್ವಾ?” ಎಂದು ತಾವೇ ಭುಜಕ್ಕೆ ಎಣ್ಣೆ ತಿಕ್ಕಿ ಎಳೆದೊಯ್ದಿದ್ದರು. ಕೊನೆಯ ಹೊಡೆತಕ್ಕೆ ನಾವು ಗೆದ್ದೆವು, ನನ್ನ ಕೈ ಜೋತುಬಿತ್ತು.

“ಬಲಗೈ ಏಳ್ತಿಲ್ಲ ಸಾರ್” ಎಂದೆ. ಅವರೇ ಅದನ್ನು ಹಿಡಿದೆತ್ತಿ ಕಪ್ಪಿಗೆ ತಾಗಿಸಿ, ಫೋಟೋಕ್ಕೆ ನಕ್ಕರು.

ಆ ಫೋಟೋ ನೋಡಿದವರೆಲ್ಲ ಅವರಿಗೆ ನನ್ನ ಮೇಲೆ ಎಷ್ಟು ಪ್ರೀತಿ ಎನ್ನುತ್ತಾರೆ. ಗೋಡೆಯಲ್ಲಿ ಕಿವಿಯ ಮಟ್ಟದ ಗೆರೆಯ ಮೇಲೆ ಇನ್ನೊಂದು ಗೆರೆ ಎಳೆಯುವ ದಿನ ಬರಲೇ ಇಲ್ಲ.