ಹಾರದ ರಾಕೆಟ್ಟಿಗೆ ಬರೆದ ವರದಿ

ಹೊನ್ನಾವರದಿಂದ ಭಟ್ಕಳಕ್ಕೆ ಬಸ್ಸಿನಲ್ಲಿ ಒಂದು ತಾಸು. ಹೆದ್ದಾರಿ ಅಗೆದಿದ್ದರೆ ಒಂದೂವರೆ. ನನ್ನ ಮಾತು ಮಾತ್ರ ಅಲ್ಲಿಗೆ ಹೋಗಬೇಕೆಂದರೆ ಮೊದಲು ನೆಟ್ಟಗೆ ಮೇಲಕ್ಕೆ ಹೊರಟು, ಇನ್ನೂರೈವತ್ತು ಮುನ್ನೂರು ಕಿಲೋಮೀಟರು ಏರಿ, ಅಲ್ಲಿ ವಿದ್ಯುತ್ತು ತುಂಬಿಕೊಂಡಿರುವ ತೆಳು ಗಾಳಿಯ ಪದರಕ್ಕೆ ತಲೆ ಕುಟ್ಟಿಕೊಂಡು, ತಿರುಗಿ ಭಟ್ಕಳದಲ್ಲಿ ಬೀಳಬೇಕು. ಆ ಪದರವನ್ನು ಅಯಾನುಗೋಳ ಎನ್ನುತ್ತಾರೆ. ಹೆಂಡತಿಗೆ ಇದನ್ನು ಚಿತ್ರ ಬರೆದು ವಿವರಿಸಿದಾಗ ಅವಳು ಹೇಳಿದ್ದು ಒಂದೇ ಮಾತು.

"ಅಷ್ಟ್ ದೂರ ಎಂತಕ್ಕೆ? ಫೋನ್ ಮಾಡಿ."

ಹವ್ಯಾಸಿ ರೇಡಿಯೋದವರ ಬಳಿ ಇದಕ್ಕೆ ಉತ್ತರವಿಲ್ಲ. ನಾವು ಸರ್ಕಾರದ ಪರೀಕ್ಷೆ ಪಾಸು ಮಾಡಿ, ಲೈಸೆನ್ಸು ತೆಗೆದುಕೊಂಡು, ಮನೆಯ ಮೇಲೆ ತಂತಿ ಕಟ್ಟಿ, ಫೋನಿನಲ್ಲಿ ಹೇಳಬಹುದಾದದ್ದನ್ನೇ ಕಷ್ಟಪಟ್ಟು ಹೇಳುವ ಜನ. ನಮ್ಮ ಕಡೆ ಮೂವರಿದ್ದೇವೆ. ಹೊನ್ನಾವರದಲ್ಲಿ ನಾನು, ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾದ ಮಾಸ್ತರು. ಕುಮಟಾದಲ್ಲಿ ಬಾವಿ ಪಂಪು ರಿಪೇರಿ ಮಾಡುವವರೊಬ್ಬರು, ಅವರನ್ನು ಪಂಪಿನವರು ಎಂದೇ ಕರೆಯುತ್ತೇವೆ. ಭಟ್ಕಳದಲ್ಲಿ ಸಾಹೇಬರು. ಸಾಹೇಬರು ಸರಕಿನ ಹಡಗುಗಳಲ್ಲಿ ಮೂವತ್ತು ವರ್ಷ ವೈರ್‌ಲೆಸ್ ಆಫೀಸರಾಗಿದ್ದವರು. ಒಂದೊಂದು ಅಕ್ಷರವನ್ನೂ ಗಿಡ್ಡ ಉದ್ದ ಸದ್ದಾಗಿ ಕುಟ್ಟುವ ಮೋರ್ಸ್ ಸಂಕೇತ ಅವರಿಗೆ ತಾಯಿನುಡಿಯಷ್ಟೇ ಸಲೀಸು.

ಇಪ್ಪತ್ತು ವರ್ಷಗಳಿಂದ ಪ್ರತಿದಿನ ಬೆಳಿಗ್ಗೆ ಏಳು ಗಂಟೆಗೆ ಮೂವರೂ ರೇಡಿಯೋದಲ್ಲಿ ಸೇರುತ್ತೇವೆ. ಪಂಪಿನವರು ಆಗಾಗ ತಪ್ಪಿಸುತ್ತಾರೆ, ಸಾಹೇಬರು ತಪ್ಪಿಸಿದವರಲ್ಲ. ಅವರ ಹೆಂಡತಿ ತೀರಿಕೊಂಡ ಮೇಲೆ ಜೊತೆಗಿರುವ ಮಗಳು ನನಗೊಮ್ಮೆ ಹೇಳಿದ್ದಳು, ತನ್ನ ಅಬ್ಬಾ ಹಾಸಿಗೆ ಬಿಟ್ಟು ಏಳುವುದೇ ಆ ಏಳು ಗಂಟೆಗೋಸ್ಕರ ಅಂತ. ಅಂಥ ಏಳು ಗಂಟೆಯನ್ನು ನಾನು ಒಂದು ರಾಕೆಟ್ಟಿನ ಹುಚ್ಚಿನಲ್ಲಿ ಇನ್ನೇನು ಕಳೆದುಬಿಡುತ್ತಿದ್ದೆ.

ಅದಕ್ಕೂ ಮೊದಲು ನಮ್ಮವರ ಒಂದು ಪದ್ಧತಿ ಹೇಳಬೇಕು. ರೇಡಿಯೋದಲ್ಲಿ ಯಾರಾದರೂ ಸಿಕ್ಕಿದ ಕೂಡಲೇ ಅಂಕ ಕೊಡುತ್ತೇವೆ. ಮಾತು ಎಷ್ಟು ಸ್ಪಷ್ಟ ಎನ್ನುವುದಕ್ಕೆ ಐದರಲ್ಲಿ, ಎಷ್ಟು ಗಟ್ಟಿ ಎನ್ನುವುದಕ್ಕೆ ಒಂಬತ್ತರಲ್ಲಿ. ಪೂರ್ತಿ ಬಂದರೆ ಫೈವ್ ನೈನ್. ಆದರೆ ನಮ್ಮ ಜನರ ದಾಕ್ಷಿಣ್ಯ ಕೇಳಬೇಡಿ. ಎಲ್ಲರಿಗೂ ಫೈವ್ ನೈನ್ ಕೊಡುತ್ತಾರೆ, ಕೊಟ್ಟ ಮರುಕ್ಷಣ "ನಿಮ್ಮ ಹೆಸರು ತಿಳಿಯಲಿಲ್ಲ, ಇನ್ನೊಂದು ಸಲ ಹೇಳಿ" ಎನ್ನುತ್ತಾರೆ. ಊಟಕ್ಕೆ ಕರೆಯದೆ "ಊಟ ಆತಾ" ಎಂದು ಕೇಳಿದ ಹಾಗೆ.

ಸಾಹೇಬರು ಮಾತ್ರ ಆ ಜಾತಿಯವರಲ್ಲ. ಇಪ್ಪತ್ತು ವರ್ಷದ ಹಿಂದೆ, ನಾನು ಹೊಸದಾಗಿ ತಂತಿ ಕಟ್ಟಿ ಮೊದಲ ಸಲ ಕೂಗಿದಾಗ, ಅವರು ಕೊಟ್ಟಿದ್ದು ತ್ರೀ ತ್ರೀ. ಜೊತೆಗೆ, "ಮಾಸ್ತರೆ, ಮೈಕು ನುಂಗ್ಬೇಡಿ" ಎಂಬ ಉಪದೇಶ. ಇಡೀ ತಾಲೂಕಿನ ಮಕ್ಕಳಿಗೆ ಕಡಿಮೆ ಅಂಕ ಕೊಟ್ಟು ಅಭ್ಯಾಸವಿದ್ದ ನನಗೆ ಕಡಿಮೆ ಅಂಕ ತೆಗೆದುಕೊಂಡು ಅಭ್ಯಾಸವಿರಲಿಲ್ಲ. ಒಂದು ವಾರ ಸಿಟ್ಟು ಮಾಡಿಕೊಂಡು ರೇಡಿಯೋ ಮುಟ್ಟಲಿಲ್ಲ.

ಅಂಥವರು ಈ ರಾಕೆಟ್ಟಿನ ಸಂಗತಿಗೆ ಮೊದಲಿನ ಎರಡು ವರ್ಷಗಳಲ್ಲಿ ದಿನವೂ ನನಗೆ ಫೈವ್ ನೈನ್ ಕೊಡತೊಡಗಿದ್ದರು. ನನ್ನ ತಂತಿ ಸುಧಾರಿಸಿತು, ವಯಸ್ಸಾದ ಮೇಲೆ ಸಾಹೇಬರೂ ಮೆತ್ತಗಾದರು ಎಂದುಕೊಂಡು ಹಿಗ್ಗಿದೆ. ಗಣಿತದ ಮಾಸ್ತರಿಗೆ ಅನುಮಾನ ಬರಬೇಕಿತ್ತು. ಹೊಗಳಿಕೆಯ ಲೆಕ್ಕವನ್ನು ಯಾರು ತಾಳೆ ನೋಡುತ್ತಾರೆ?

ಕಳೆದ ವರ್ಷ ರಾಜ್ಯದ ರೇಡಿಯೋ ಹವ್ಯಾಸಿಗಳ ಬಳಗದಿಂದ ನಮಗೊಂದು ಸುದ್ದಿ ಬಂತು. ದಕ್ಷಿಣದ ಕಡಲ ದಂಡೆಯಿಂದ ಒಂದು ಸಂಜೆ ಸಣ್ಣ ರಾಕೆಟ್ಟು ಹಾರಲಿದೆ. ಅದು ಅಯಾನುಗೋಳದೊಳಗೆ ಹೊಕ್ಕು ಒಂದು ಅನಿಲ ಚೆಲ್ಲುತ್ತದೆ. ಆ ಜಾಗದಲ್ಲಿ ವಿದ್ಯುತ್ತು ಕಡಿಮೆಯಾಗಿ ಸ್ವಲ್ಪ ಹೊತ್ತು ತೂತು ಬಿದ್ದಂತಾಗಬಹುದು, ರೇಡಿಯೋ ಅಲೆಗಳು ಹಿಂತಿರುಗದೆ ಸೋರಿಹೋಗಬಹುದು. ಆಸಕ್ತಿಯುಳ್ಳವರು ಆ ಅರ್ಧ ಗಂಟೆ ಕಿವಿಗೊಟ್ಟು ಕೇಳಿ, ನಿಮಿಷ ನಿಮಿಷಕ್ಕೆ ಅಂಕ ಬರೆದು ಕಳಿಸಿ ಎಂದಿದ್ದರು. ಕೊನೆಯಲ್ಲಿ, ದಯವಿಟ್ಟು ದಾಕ್ಷಿಣ್ಯದ ಫೈವ್ ನೈನ್ ಬೇಡ ಎಂಬ ಸೂಚನೆಯೂ ಇತ್ತು.

ನಿವೃತ್ತನಾದ ಮೇಲೆ ಯಾರೂ ನನ್ನಿಂದ ಏನನ್ನೂ ಬರೆಸಿಕೊಂಡಿರಲಿಲ್ಲ. ವಿಜ್ಞಾನವೇ ಬಂದು ಬಾಗಿಲು ತಟ್ಟಿದಂತಾಯಿತು. ನಾನು ಕೂಗುವುದು, ಸಾಹೇಬರೂ ಪಂಪಿನವರೂ ಕೇಳಿ ಬರೆಯುವುದು ಎಂದು ಗೊತ್ತು ಮಾಡಿದೆ. ನಡುನಡುವೆ ನಾನು ದೂರದ ಒಂದು ಕೇಂದ್ರವನ್ನು ಹಿಡಿದು ಅದರ ಸದ್ದಿಗೆ ಅಂಕ ಹಾಕುವುದು. ಸಾಹೇಬರ ಹಳೇ ಸೆಟ್ಟಿನಲ್ಲಿ ಸದ್ದಿನ ಗಟ್ಟಿತನ ತೋರಿಸುವ ಮುಳ್ಳು ಕೆಟ್ಟು ವರ್ಷಗಳಾಗಿದ್ದವು. ಕಿವಿ ಇರುವಾಗ ಮುಳ್ಳು ಎಂತಕ್ಕೆ ಎಂದು ಅವರು ರಿಪೇರಿ ಮಾಡಿಸಿರಲಿಲ್ಲ.

ಸುದ್ದಿಯನ್ನು ಗುಟ್ಟಾಗಿಡುವ ಸ್ವಭಾವ ನನ್ನದಲ್ಲ. ನದಿಯಾಚೆಯ ಕಾಸರಕೋಡದಿಂದ ದಿನವೂ ಮೀನು ತರುವ ಹೆಂಗಸಿಗೂ ಹೇಳಿದೆ. ಅವಳು ಬುಟ್ಟಿ ಇಳಿಸಿ ಆಕಾಶ ನೋಡಿದಳು.

"ತೂತು ಬಿದ್ರೆ ಮತ್ತೆ ಮುಚ್ಚೂಕೆ ಯಾರು ಬರ್ತಾರೆ, ಮಾಸ್ತರೆ?"

"ತನ್ನಷ್ಟಕ್ಕೆ ಮುಚ್ಕಂಬ್ತದೆ."

"ಹಾಂಗಾದ್ರೆ ಅಡ್ಡಿಲ್ಲ. ನಮ್ಮನೆ ಹಂಚಿನ ಮಾಡಿನ ತೂತಿಗೆ ಎರಡು ಮಳೆಗಾಲ ಆತು, ಇನ್ನೂ ಮುಚ್ಕಳ್ಲಿಲ್ಲ."

ಆ ಸಂಜೆ ನಮ್ಮ ಅಂಗಳದಲ್ಲಿ ನೆರೆಕೆರೆಯ ಏಳೆಂಟು ಜನ ಆಕಾಶಕ್ಕೆ ಮುಖ ಮಾಡಿ ನಿಂತಿದ್ದರು. ಒಳಗೆ ನಾನು ಮೈಕಿನ ಮುಂದೆ. ಅರ್ಧ ಗಂಟೆ ಒಂದೇ ಸಮನೆ ಏನು ಮಾತಾಡುವುದು? ಮಗ್ಗಿ ಶುರು ಮಾಡಿದೆ. ಹದಿಮೂರೊಂದ್ಲೆ ಹದಿಮೂರು, ಹದಿಮೂರೆರಡ್ಲೆ ಇಪ್ಪತ್ತಾರು. ಹೊರಗಿದ್ದವರಲ್ಲಿ ಇಬ್ಬರು ನನ್ನ ಹಳೇ ವಿದ್ಯಾರ್ಥಿಗಳು, ಅಭ್ಯಾಸಬಲದಿಂದ ಅವರೂ ದನಿಗೂಡಿಸಿದರು. ಆರೂ ನಲವತ್ತೈದಕ್ಕೆ ರಾಕೆಟ್ಟಿನ ಹೊತ್ತು. ಆಗ ನಾನು ಹತ್ತೊಂಬತ್ತರ ಮಗ್ಗಿಯಲ್ಲಿದ್ದೆ. ಮೈಕು ಬಿಟ್ಟು ದೂರದ ಕೇಂದ್ರಕ್ಕೆ ಕಿವಿ ಕೊಟ್ಟರೆ ಸದ್ದು ನಿಜಕ್ಕೂ ಕ್ಷೀಣಿಸಿದಂತೆ ಕೇಳಿಸಿತು. ಒಂಬತ್ತಕ್ಕೆ ಆರು ಎಂದು ಬರೆದೆ, ಆಮೇಲೆ ಆರನ್ನು ನಾಲ್ಕು ಮಾಡಿದೆ.

ಒಂದು ತಾಸಿನೊಳಗೆ ಇಬ್ಬರ ಪಟ್ಟಿಯೂ ವಾಟ್ಸಾಪಿನಲ್ಲಿ ಬಂತು. ಪಂಪಿನವರದ್ದು, ನಲವತ್ತೈದರಿಂದ ಐವತ್ತರವರೆಗೆ "ಭಾರೀ ಡೌನ್". ಸಾಹೇಬರದ್ದಂತೂ ರೋಮಾಂಚನ. ಅಲ್ಲಿಯತನಕ ಫೈವ್ ನೈನ್, ನಲವತ್ತೈದಕ್ಕೆ ಸರಿಯಾಗಿ ಸೊನ್ನೆ, ಹನ್ನೆರಡು ನಿಮಿಷ ಸೊನ್ನೆಯೇ ಸೊನ್ನೆ, ಮತ್ತೆ ಫೈವ್ ನೈನ್. ಮೂರನ್ನೂ ಸೇರಿಸಿ, ನಕ್ಷೆ ಬರೆದು, ಮೂರು ಪುಟದ ವರದಿಯನ್ನು ಕಳಿಸಿಯೇ ಊಟಕ್ಕೆ ಕೂತೆ.

ಬೆಳಿಗ್ಗೆ ಉತ್ತರ ಬಂದಿತ್ತು. ಮೇಲಿನ ಗಾಳಿ ಜೋರಿದ್ದ ಕಾರಣ ನಿನ್ನೆ ರಾಕೆಟ್ಟು ಹಾರಲಿಲ್ಲ. ಮುಂದಿನ ದಿನ ತಿಳಿಸುತ್ತೇವೆ. ನಿಮ್ಮ ವಿವರವಾದ ವರದಿಗೆ ಧನ್ಯವಾದ.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗಾಯಿತು ನಮ್ಮ ಕತೆ. ನಾನು ಕರುವಿಗೆ ನಕ್ಷೆಯನ್ನೂ ಬರೆದಿದ್ದೆ. ಪಂಪಿನವರಿಗೆ ಫೋನು ಮಾಡಿ ಬೈದೆ.

"ನಲವತ್ತೈದಕ್ಕೆ ಡೌನ್ ಆಗ್ತದೆ ಅಂದವ್ರು ನೀವೇ ಅಲ್ವಾ, ಮಾಸ್ತರೆ?" ಎಂದರು ಅವರು. "ಗಿರಾಕಿ ಬಂದಿದ್ರು. ಮಾಸ್ತರ್ ಹೇಳಿದ್ ಮೇಲೆ ಆಗೇ ಇರ್ತದೆ ಅಂತ ಬರ್ದೆ."

ಆರನ್ನು ನಾಲ್ಕು ಮಾಡಿದ ನಾನು ಅವರಿಗೆ ಹೆಚ್ಚು ಬೈಯಲಾರದೆ ಹೋದೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ಬಳಗದ ಸುದ್ದಿಯನ್ನು ಸಾಹೇಬರಿಗೂ ಕಳಿಸಿದೆ, ಕೆಳಗೆ ನಗುವ ಮುಖ ನಾಲ್ಕು ಹಾಕಿ. ಅವರ ಸುಳ್ಳು ಯಾವ ಬಗೆಯದೋ ಕೇಳಿ ಇನ್ನಷ್ಟು ನಗೋಣ ಎಂದಿತ್ತು.

ಮರುದಿನ ಏಳು ಗಂಟೆಗೆ ಸಾಹೇಬರು ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೇ ದಿನ ಮಗಳ ಫೋನು ಬಂತು.

"ಅಂಕಲ್, ಅಬ್ಬಾ ರೇಡಿಯೋಕ್ಕೆ ಬಟ್ಟೆ ಹೊದ್ಸಿ ಇಟ್ಟಿದ್ದಾರೆ. ಬೆಳಿಗ್ಗೆ ಏಳೂದೇ ಇಲ್ಲ. ನೀವು ಎಂತಾದ್ರೂ ಅಂದ್ರಾ?"

ನಾನು ನಗುವ ಮುಖ ನಾಲ್ಕು ಅಂದಿದ್ದೆ. ಸಿಕ್ಕಿದ ಬಸ್ಸು ಹತ್ತಿದೆ.

ಸಾಹೇಬರು ನನ್ನನ್ನು ರೇಡಿಯೋ ಕೋಣೆಯಲ್ಲೇ ಕೂರಿಸಿದರು. ಮಗಳು ಚಹಾ ತಂದಿಟ್ಟು ಹೋದಳು. ಮೇಜಿನ ಮೇಲೆ ಲೈಸೆನ್ಸು, ಅದರ ಪಕ್ಕದಲ್ಲಿ ಅದನ್ನು ವಾಪಸು ಮಾಡುತ್ತೇನೆಂದು ಸರ್ಕಾರಕ್ಕೆ ಬರೆದ ಪತ್ರ. ಸಹಿಯೂ ಆಗಿತ್ತು.

"ಇದು ಎಂತ ಸಾಹೇಬ್ರೆ? ನಾವೂ ಸುಳ್ಳೇ ಬರ್ದದ್ದು. ಒಂದು ರಾಕೆಟ್ಟಿಗೆ ಇಷ್ಟಾ?"

ಅವರು ನನ್ನ ಬಾಯಿಯನ್ನೇ ನೋಡುತ್ತಿದ್ದರು. ಆಗಲೇ ನನಗೆ ಹೊಳೆಯತೊಡಗಿತು. ಎದುರು ಕೂತವರ ತುಟಿ ನೋಡಿ ಅವರು ಮಾತು ಹಿಡಿಯುತ್ತಿದ್ದರು. ರೇಡಿಯೋಕ್ಕೆ ತುಟಿ ಎಲ್ಲಿಂದ ಬರಬೇಕು?

"ಕಿವಿ ಹೋಗಿ ಎರಡು ವರ್ಷ ಆತು, ಮಾಸ್ತರೆ," ಎಂದರು. "ನೀವು ಕೂಗಿದ್ದು ಒಂದೂ ಕೇಳ್ಲಿಲ್ಲ. ಫೈವ್ ನೈನ್ ಎಲ್ಲಾ ಅಂದಾಜು. ರಾಕೆಟ್ ಹೊತ್ತಿಗೆ ಸೊನ್ನೆ ಬರೆದ್ರೆ ಯಾರೂ ಕೇಳೂದಿಲ್ಲ ಅಂತ ಧೈರ್ಯ ಬಂತು. ಆ ಹನ್ನೆರಡು ನಿಮಿಷ ಮಾತ್ರ ನಾನು ಖರೇ ಬರ್ದದ್ದು."

ಚಹಾ ಕುಡಿದೆ. ಆಮೇಲೆ ಒಂದು ಪ್ರಶ್ನೆ ತಲೆಗೆ ಬಂತು.

"ಮತ್ತೆ ದಿನಾ ಬೆಳಿಗ್ಗೆ ನನಗೆ ಸರಿಯಾಗೇ ಉತ್ತರ ಕೊಡ್ತಿದ್ರಲ್ಲ?"

"ನೀವು ದಿನಾ ಹೇಳೂದು ಅದೇ ಅಲ್ವಾ? ಮೊದ್ಲು ಸೆಕೆ, ಆಮೇಲೆ ಮೊಣಕಾಲು, ಆಮೇಲೆ ಹೆದ್ದಾರಿ. ಸೆಟ್ಟಿನ ಲೈಟು ಆರಿದ ಕೂಡ್ಲೆ, ನಿಮ್ದು ಮುಗೀತು ಅಂತ ನಾನು ಹೌದು ಹೌದು ಅಂತಿದ್ದೆ."

ಎರಡು ವರ್ಷ! ನನ್ನ ಮಾತು ಕೇಳದೆಯೇ ಒಬ್ಬರು ಎರಡು ವರ್ಷ ನನ್ನೊಡನೆ ಸಂಭಾಷಣೆ ನಡೆಸಿದ್ದರು. ದುಃಖದ ನಡುವೆಯೂ ಮೈಯೆಲ್ಲ ಉರಿಯಿತು. ಸಿಟ್ಟಿನಲ್ಲಿ ಎದ್ದುಹೋಗಿ ರೇಡಿಯೋದ ಬಟ್ಟೆ ಕಿತ್ತೆಸೆದು ಗುಂಡಿ ಒತ್ತಿದೆ. ಯಾವುದೋ ಮೋರ್ಸ್ ಕೇಂದ್ರ ಸಿಕ್ಕಿತು, ಕಟ ಕಟ ಎಂದು ಓಡುವ ವೇಗಕ್ಕೆ ನನಗೆ ಒಂದಕ್ಷರವೂ ಹತ್ತಲಿಲ್ಲ. ಸಾಹೇಬರು ಆರಿಸಲೆಂದು ಕೈ ಚಾಚಿದರು. ಅಂಗೈ ಸೆಟ್ಟಿನ ಪಕ್ಕದ ಸ್ಪೀಕರಿನ ಮೇಲೆ ಬಿತ್ತು, ಅಲ್ಲೇ ನಿಂತಿತು. ಸ್ಪೀಕರಿನ ನಡುಕ ಅಂಗೈಗೆ ಬಡಿಯುತ್ತಿತ್ತು. ಮತ್ತೊಂದು ಕೈ ಪೆನ್ಸಿಲು ಹುಡುಕಿತು.

"ಜಪಾನಿನವ," ಎಂದರು. "ಅಲ್ಲಿ ಮಳೆ ಅಂತೆ. ಅವನ ಕುಟ್ಟೂ ಕೈ ಚಲೋ ಇದೆ."

ಲೈಸೆನ್ಸಿನ ಪಕ್ಕದಲ್ಲಿದ್ದ ಆ ಪತ್ರದ ಹಿಂದೆಯೇ ಅವರು ಜಪಾನಿನವನ ಮಾತು ಬರೆದುಕೊಳ್ಳುತ್ತಿದ್ದರು. ಹಾಳೆ ತುಂಬಿತು. ನನಗೆ ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲು ಸಂಕೋಚವಾಗಲಿಲ್ಲ.

ಅಲ್ಲಿಂದ ನನ್ನ ಕಷ್ಟ ಶುರು. ಪರೀಕ್ಷೆಗೆಂದು ಒಮ್ಮೆ ಕಲಿತು, ಪಾಸಾದ ಸಂಜೆಯೇ ಮರೆತಿದ್ದ ಮೋರ್ಸನ್ನು ಅರವತ್ತಾರನೇ ವಯಸ್ಸಿನಲ್ಲಿ ಮತ್ತೆ ಕಲಿಯಬೇಕಾಯಿತು. ಊಟದ ತಟ್ಟೆಯ ಅಂಚಿಗೆ ಚಮಚ ಬಡಿದು ಅಭ್ಯಾಸ ಮಾಡಿದೆ. ಹೆಂಡತಿ ಮೊದಮೊದಲು ಸಾರು ಬೇಕೇನೋ ಎಂದು ಓಡಿ ಬರುತ್ತಿದ್ದಳು, ಆಮೇಲೆ ಬರುವುದನ್ನು ಬಿಟ್ಟಳು, ನಿಜವಾಗಿ ಸಾರು ಬೇಕಾದಾಗಲೂ ಬರಲಿಲ್ಲ.

ಕೆಲವು ವಾರಗಳ ನಂತರ ರಾಕೆಟ್ಟಿಗೆ ಮತ್ತೆ ದಿನ ಬಂತು, ಹೊತ್ತು ಅದೇ. ಈ ಸಲ ಹಾರಿತು ಎಂದು ಖಾತ್ರಿಯಾಗುವತನಕ ಯಾರೂ ಪಟ್ಟಿ ಕಳಿಸಕೂಡದೆಂದು ಕಟ್ಟುನಿಟ್ಟು ಮಾಡಿದೆ. ಅಂಗಳಕ್ಕೆ ಮೀನಿನವಳನ್ನು ಬಿಟ್ಟರೆ ಯಾರೂ ಬರಲಿಲ್ಲ. ಮಗ್ಗಿಯ ಅಂಕಿಗಳನ್ನೇ ಮೋರ್ಸಿನಲ್ಲಿ ಕುಟ್ಟಿದೆ, ಅರ್ಧ ಗಂಟೆಯಲ್ಲಿ ಎರಡರ ಮಗ್ಗಿ ಮುಗಿಯಿತು. ರಾಕೆಟ್ಟು ಹಾರಿದ ಸುದ್ದಿ ಬಂತು. ಪಂಪಿನವರು ದೇವರಾಣೆ ಹಾಕಿ ಏನೂ ವ್ಯತ್ಯಾಸವಿಲ್ಲ ಎಂದರು. ನನ್ನ ಅಂಕಗಳೂ ಕದಲಿರಲಿಲ್ಲ, ತಿದ್ದಲೂ ಇಲ್ಲ. ಸಾಹೇಬರು ಮಾತ್ರ, ನಲವತ್ತೇಳರಿಂದ ನಾಲ್ಕು ನಿಮಿಷ ಸ್ಪೀಕರಿನ ನಡುಕ ಬೆರಳಿಗೆ ಸಣ್ಣಗಾಯಿತು ಎಂದು ಬರೆದಿದ್ದರು.

ಅದು ರಾಕೆಟ್ಟಿನಿಂದಲೂ ಇರಬಹುದು, ಸೂರ್ಯ ಮುಳುಗುವಾಗಿನ ಸಹಜ ಏರಿಳಿತವೂ ಇರಬಹುದು, ನೀವಿರುವ ಜಾಗ ಸ್ವಲ್ಪ ದೂರವೇ ಆಯಿತು ಎಂದು ಬಳಗದಿಂದ ಉತ್ತರ ಬಂತು. ತೂತಿನ ಸಂಗತಿ ಇವತ್ತಿಗೂ ಇತ್ಯರ್ಥವಾಗಿಲ್ಲ.

ಮರುದಿನ ಏಳು ಗಂಟೆಗೆ ಸಾಹೇಬರನ್ನು ಕರೆದೆ. ಸೆಕೆಯ ಬಗ್ಗೆ ಕುಟ್ಟಲು ಹೊರಟವನು ನೆನಪಾಗಿ, ಮೊದಲು ಅಂಕ ಕೇಳಿದೆ. ಭಟ್ಕಳದಿಂದ ಉತ್ತರ ನಿಧಾನವಾಗಿ, ನನಗೆ ಅರ್ಥವಾಗುವಷ್ಟು ಬಿಡಿಸಿ ಬಂತು. ತ್ರೀ ತ್ರೀ. ನಿಮ್ಮ ಕೈ ಕೆಟ್ಟದು, ದಿನಾ ಬನ್ನಿ.

ಹೆಂಡತಿಯನ್ನು ಕೂಗಿ ಕರೆದು ಆ ಎರಡು ಅಂಕಿಗಳನ್ನು ತೋರಿಸಿದೆ.