ವೈನ್ ಅಂಗಡಿಯವನ ಮೂಗು

ಸಿಂಧನೂರಿನಲ್ಲಿ ನನ್ನದೊಂದು ವೈನ್ ಶಾಪ್ ಇದೆ. ಈ ತನಕ ಒಂದು ಹನಿಯನ್ನೂ ನಾನು ಬಾಯಿಗೆ ಹಾಕಿಲ್ಲ. ಹೀಗೆಂದಾಗ ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ನನ್ನ ಹಣೆಯ ವಿಭೂತಿ ನೋಡಿ ಇನ್ನಷ್ಟು ಜೋರಾಗಿ ನಗುತ್ತಾರೆ. ನಗಲಿ. ಸಕ್ಕರೆ ಕಾಯಿಲೆ ಇರುವವನು ಮಿಠಾಯಿ ಮಾರಿದರೆ ಯಾರೂ ನಗುವುದಿಲ್ಲ, ನಾನು ಸಿಕ್ಕರೆ ಮಾತ್ರ ಎಲ್ಲರಿಗೂ ತಮಾಷೆ. ನನ್ನ ವ್ಯಾಪಾರ ನಡೆಯುವುದು ಮೂಗಿನ ಮೇಲೆ, ಮತ್ತು ನನ್ನ ಮೂಗಿನ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ.

ಆ ಮೂಗು ಅವ್ವನಿಂದ ಬಂದದ್ದು. ಅಪ್ಪ ಹಳೆಯ ಗೋಣಿಚೀಲದ ವ್ಯಾಪಾರಿ. ರೈಸ್‌ಮಿಲ್ಲುಗಳಿಂದ ಚೀಲ ಕೊಳ್ಳುವುದು, ಹರಿದದ್ದನ್ನು ಹೊಲಿಸುವುದು, ತಿರುಗಿ ಮಿಲ್ಲಿಗೇ ಮಾರುವುದು. ಆರಿಸುವ ಕೆಲಸ ಅವ್ವನದು. ಒಮ್ಮೆ ನೆನೆದು ಒಣಗಿದ ಚೀಲ ಕಣ್ಣಿಗೆ ಬೇರೆ ಚೀಲಗಳಂತೆಯೇ ಕಾಣುತ್ತದೆ, ಆದರೆ ಅದರಲ್ಲಿ ತುಂಬಿದ ಅಕ್ಕಿಗೆಲ್ಲ ಮುಗ್ಗಲು ವಾಸನೆ ಹಿಡಿಯುತ್ತದೆ. ಅವ್ವ ಚೀಲದ ಬಾಯಿಗೆ ಮುಖ ಇಟ್ಟು ಒಂದು ಉಸಿರು ಎಳೆದರೆ ತೀರಿತು. ಕೆಟ್ಟದ್ದು ಅತ್ತ, ಒಳ್ಳೆಯದು ಇತ್ತ. ಅವಳ ಮಗ್ಗುಲಲ್ಲಿ ಕೂತು ನಾನೂ ಮೂಸುತ್ತಿದ್ದೆ. ಶಾಲೆಯಲ್ಲಿ ಕಲಿತದ್ದು ಬಹಳಷ್ಟು ಮರೆತಿದೆ, ಆ ವಾಸನೆ ಮರೆತಿಲ್ಲ.

ಪ್ಲಾಸ್ಟಿಕ್ ಚೀಲ ಬಂದ ಮೇಲೆ ಗೋಣಿಯ ವ್ಯಾಪಾರ ಕುಸಿಯಿತು. ಅಪ್ಪ ತೀರಿಕೊಂಡ ಮೇಲೆ ನಾನು ವೈನ್ ಶಾಪಿಗೆ ಕೈ ಹಾಕಿದೆ. ಲಿಂಗ ಕಟ್ಟಿದ ಮನೆ ನಮ್ಮದು. ಅವ್ವ ಅತ್ತು ಕರೆದು ಮಾಡಲಿಲ್ಲ, ಊಟ ಬಿಡಲಿಲ್ಲ. ದೇವರ ಜಗಲಿಯ ಮುಂದೆ ಕೂರಿಸಿಕೊಂಡು ಒಂದೇ ಮಾತು ಹೇಳಿದಳು.

“ಮಾರ್ತೀನಿ ಅಂದ್ರ ಮಾರಪಾ. ಆದ್ರ ನಾಲಿಗಿ ಮ್ಯಾಲ ಇಟ್ಟಿ ಅಂದ್ರ ನನ್ನ ಕೈಲೆ ವಿಭೂತಿ ಹಚ್ಚಿಸ್ಕೊಳ್ಳಾಕ ಬರಬ್ಯಾಡ.”

ನಾನು ಆಯಿತು ಅಂದೆ. ಅಂದಿನಿಂದ ಮನೆಗೆ ಬಂದಾಗಲೆಲ್ಲ ಇದೇ ಪದ್ಧತಿ. ಕೈಕಾಲು ತೊಳೆದು ಅವಳ ಮುಂದೆ ಬಗ್ಗುತ್ತೇನೆ. ಅವಳು ನನ್ನ ಮುಖದ ಹತ್ತಿರ ಬಂದು ಮೆಲ್ಲಗೆ ಒಂದು ಉಸಿರು ಎಳೆಯುತ್ತಾಳೆ, ಥೇಟ್ ಚೀಲ ಮೂಸಿದ ಹಾಗೆ. ಆಮೇಲೆ ವಿಭೂತಿ ಹಚ್ಚುತ್ತಾಳೆ. ಯಾಕೆ ಮೂಸುತ್ತಾಳೆ ಎಂದು ನಾನು ಕೇಳಿಲ್ಲ, ಅವಳೂ ಹೇಳಿಲ್ಲ. ಅಂಗಡಿಯ ಬಗ್ಗೆ ಅವಳು ಒಂದು ಮಾತೂ ಆಡುವುದಿಲ್ಲ. ವ್ಯಾಪಾರ ಹೇಗಿದೆ ಎಂದು ಊರೆಲ್ಲ ಕೇಳಿದೆ, ಅವಳೊಬ್ಬಳು ಕೇಳಿಲ್ಲ. ಅದು ನನಗೆ ಒಳಗೊಳಗೇ ನೋಯುತ್ತಿತ್ತು.

ಯುರೋಪಿನ ವೈನು ನಮ್ಮ ಅಂಗಡಿಗೆ ಬಂದದ್ದು ನಿರಾಶ್ರಿತರ ಆರ್.ಎಚ್. ಕ್ಯಾಂಪಿನವನೊಬ್ಬನಿಂದ. ಹೆತ್ತವರು ಬಂಗಾಳದ ಕಡೆಯಿಂದ ನೆಲೆ ಕಳೆದುಕೊಂಡು ಬಂದವರು, ಇವನು ಹುಟ್ಟಿದ್ದು ಇಲ್ಲೇ, ಭತ್ತದ ಗದ್ದೆಯ ದಂಡೆಯಲ್ಲಿ. ಗೋವಾದ ದೊಡ್ಡ ಹೋಟೆಲಿನಲ್ಲಿ ಬರೀ ವೈನು ಬಡಿಸುವ ಕೆಲಸ. ಮನೆಯಲ್ಲಿ ಬಂಗಾಳಿ, ಬೀದಿಯಲ್ಲಿ ನಮ್ಮದೇ ಕನ್ನಡ. ರಜೆಗೆ ಬಂದವನು ಒಂದು ಮಧ್ಯಾಹ್ನ ಅಂಗಡಿಗೆ ಬಂದು ಕಪಾಟುಗಳನ್ನೆಲ್ಲ ನೋಡಿದ. ವಿಸ್ಕಿ, ಬ್ರಾಂದಿ, ರಮ್ಮು, ಬಿಯರು.

“ಯಣ್ಣ, ಬೋರ್ಡ್ ಮ್ಯಾಲ ವೈನ್ ಅಂತ ಇಷ್ಟ್ ದೊಡ್ಡದಾಗಿ ಬರಸೀರಿ. ಒಳಗ ಒಂದರ ವೈನ್ ಐತೇನ್ರಿ?”

ಇತ್ತು, ಒಂದು. ಮೂಲೆಯಲ್ಲಿ ದೂಳು ಹಿಡಿದು, ಬಿಸಿಲಿಗೆ ಬೆಂದು ನಿಂತಿತ್ತು. ಅವನು ಅದನ್ನು ಎತ್ತಿ ನೋಡಿ, ಹೆಣ ಇಳಿಸುವವನ ಹಾಗೆ ಮೆತ್ತಗೆ ಇಟ್ಟ. ನನಗೆ ರೇಗಿತು. ನನ್ನ ಅಂಗಡಿಯಲ್ಲಿ ನಿಂತು ನನಗೇ ಕೊರತೆ ತೋರಿಸಿದರೆ ನಾನು ಸುಮ್ಮನಿರುವ ಪೈಕಿ ಅಲ್ಲ. ಹಾಗಾದರೆ ನೀನೇ ತರಿಸು, ನೀನೇ ಮಾರು ಎಂದೆ. ಅವನೂ ಹಟಮಾರಿಯೇ. ರಜೆ ಹೆಚ್ಚಿಸಿಕೊಂಡು ನಿಂತುಬಿಟ್ಟ.

ಪರವಾನಗಿ ಇದ್ದ ಕಂಪನಿಯಿಂದ ಜರ್ಮನಿಯದು, ಇಟಲಿಯದು, ಫ್ರಾನ್ಸಿನದು ಎಂದು ಬಾಟಲಿಗಳು ಬಂದವು. ನಮ್ಮ ಬಿಸಿಲಿಗೆ ಅವು ತಡೆಯುವುದಿಲ್ಲವೆಂದು ಒಂದು ಚಿಕ್ಕ ಕೋಣೆಗೆ ಎಸಿ ಹಾಕಿಸಿದೆ. ಬಾಟಲಿಗಳನ್ನು ಮಲಗಿಸಿಡಬೇಕು, ಬೆಳಕು ಬೀಳಬಾರದು, ಅಲುಗಾಡಿಸಬಾರದು. ಬಾಣಂತಿಗೂ ಇಷ್ಟು ಆರೈಕೆ ಇಲ್ಲ ಎಂದು ಪಕ್ಕದ ಹಾರ್ಡ್‌ವೇರ್ ಅಂಗಡಿಯವರು ಆಡಿಕೊಂಡರು. ಕ್ಯಾಂಪಿನವನು ಒಂದೊಂದನ್ನೇ ತೆಗೆದು ಗ್ಲಾಸಿಗೆ ಹಾಕಿ ಕೊಟ್ಟಾಗ ನಾನು ಮೂಸಿ ಹೇಳುತ್ತಿದ್ದೆ, ಅವನು ಕುಡಿದು ಹೇಳುತ್ತಿದ್ದ. ಇಬ್ಬರ ಮಾತೂ ಕೂಡುತ್ತಿತ್ತು. ಜರ್ಮನಿಯ ಬಿಳಿಯದನ್ನು ಮೊದಲ ಸಲ ಮೂಸಿ, ಎಳೆ ನಿಂಬೆಕಾಯಿ, ಹಿಂದೆ ಸ್ವಲ್ಪ ಸೀಮೆಎಣ್ಣೆ ಎಂದೆ. ಬೈಯುತ್ತಾನೆ ಅಂದುಕೊಂಡರೆ ಅವನು ಕುಣಿದಾಡಿದ. ರಿಸ್ಲಿಂಗ್ ಎಂಬ ದ್ರಾಕ್ಷಿಯ ಒಳ್ಳೆಯ ವೈನಿನ ಗುರುತೇ ಅದಂತೆ.

ಆದರೆ ಮಾರಾಟವಾಗಲಿಲ್ಲ. ಜನ ಬಂದು ಬಾಟಲಿ ನೋಡಿ, ಎಸಿ ಗಾಳಿ ತಗೊಂಡು, ಬಿಯರು ಕೊಂಡು ಹೋದರು. ಅದಕ್ಕೇ ರುಚಿ ನೋಡುವ ಒಂದು ಕೂಟ ಇಡೋಣ ಎಂದು ಅವನೇ ಹೇಳಿದ. ಮೇಲಿನ ಅಂತಸ್ತಿನಲ್ಲಿ ಕೂತು ಕುಡಿಯುವ ಪರವಾನಗಿಯೂ ನಮ್ಮದೇ, ತೊಂದರೆಯಿಲ್ಲ. ಊರಿನ ಕೆಲವರ ಜೊತೆಗೆ ಇಬ್ಬರು ಮುಖ್ಯ ಅತಿಥಿಗಳನ್ನು ಕರೆದೆ. ಒಬ್ಬರು ಮಸ್ಕಿಯ ಬೀಜ ಗೊಬ್ಬರದ ಸಾಹುಕಾರರು, ಅವರು ಖುಷಿಯಾದರೆ ಬೀಗರು ನೆಂಟರಿಗೆಲ್ಲ ಸುದ್ದಿ ಹೋಗುತ್ತದೆ. ಇನ್ನೊಬ್ಬರು ಲಿಂಗಸುಗೂರಿನ ನಿವೃತ್ತ ಎಂಜಿನಿಯರ್ ಸಾಹೇಬರು. ಹೆಂಡತಿಯೊಂದಿಗೆ ಯುರೋಪ್ ಪ್ರವಾಸ ಮಾಡಿ ಬಂದ ಮೇಲೆ ನಮ್ಮ ಮೂರು ತಾಲೂಕಿಗೂ ವೈನಿನ ವಿಷಯದಲ್ಲಿ ಅವರದೇ ಕೊನೆಯ ಮಾತು.

ಭಾನುವಾರ ನಾಲ್ಕರ ಹೊತ್ತಿಗೆ ಕೂಟ. ಶುಭಕಾರ್ಯವೆಂದು ನಾನು ಮುಂಜಾಗ್ರತೆಯಿಂದ ಲೋಬಾನದವನನ್ನು ಕರೆಸಿದ್ದೆ. ನಮ್ಮಲ್ಲಿ ಯಾವ ಅಂಗಡಿಯಾದರೂ ವಾರಕ್ಕೊಮ್ಮೆ ಲೋಬಾನದ, ಅಂದರೆ ಸಾಂಬ್ರಾಣಿಯ ಹೊಗೆ ಹಾಕಿಸುತ್ತದೆ, ದೃಷ್ಟಿ ಹೋಗಲಿ, ಬರಕತ್ ಆಗಲಿ ಎಂದು. ಅವನು ನವಿಲುಗರಿ ಬೀಸುತ್ತ ಬಾಟಲಿ, ಗ್ಲಾಸು, ಕುರ್ಚಿ, ಕೊನೆಗೆ ಕ್ಯಾಂಪಿನವನ ಮುಖಕ್ಕೂ ಸೇರಿಸಿ ಧಾರಾಳವಾಗಿ ಹೊಗೆ ಹಾಕಿದ. ಕೋಣೆಯಲ್ಲಿ ಎದುರಿಗಿದ್ದವರು ಕಾಣಿಸದಂತಾಯಿತು.

ಕ್ಯಾಂಪಿನವನು ಕೆಮ್ಮುತ್ತ ತಲೆ ಮೇಲೆ ಕೈ ಹೊತ್ತು ಕೂತ. “ಏನ್ ಮಾಡಿದ್ರಿ ಯಣ್ಣ! ವೈನ್ ಅಂದ್ರನ ವಾಸನಿ. ಇಷ್ಟ್ ಲೋಬಾನ ಹಾಕಿಸಿದ ಮ್ಯಾಲ ಏನ್ ಗೊತ್ತಾಗತೈತ್ರಿ?”

“ದೇವರ ಹೊಗಿ ಅದು, ಏನೂ ಆಗಾಂಗಿಲ್ಲ. ಮಾಳಗಿ ಮ್ಯಾಲ ಕುರ್ಚಿ ಹಾಕು, ಗಾಳಿ ಐತಿ,” ಅಂದೆ. ನನಗಂತೂ ಏನೂ ಆಗಿರಲಿಲ್ಲ. ಲೋಬಾನದಲ್ಲೇ ಬೆಳೆದ ಮೂಗು ನನ್ನದು.

ಮಾಳಿಗೆಯ ಮೇಲೆ ಕೂಟ ಚೆನ್ನಾಗಿಯೇ ಶುರುವಾಯಿತು. ಕ್ಯಾಂಪಿನವನು ಗ್ಲಾಸಿನ ತಳಕ್ಕೆ ಒಂದಿಷ್ಟೇ ಹಾಕಿದಾಗ ಮಸ್ಕಿಯ ಸಾಹುಕಾರರು ಗ್ಲಾಸು ಎತ್ತಿ ನೋಡಿ, “ಇದೇನ್ರಿ, ಜಂಗಮರು ತೀರ್ಥ ಕೊಟ್ಟಂಗ ಕೊಡಾಕತ್ತೀರಿ? ಕರದು ಹಿಂಗ ಮಾಡಬಾರದ್ರಿ,” ಅಂದರು. ರುಚಿ ನೋಡಿ ಉಗುಳಲಿ ಎಂದು ಇಟ್ಟಿದ್ದ ಸ್ಟೀಲಿನ ಬಕೆಟ್ಟನ್ನು ಯಾರೂ ಮುಟ್ಟಲಿಲ್ಲ. ಕರೆದವರ ಮನೆಯಲ್ಲಿ ಕೊಟ್ಟದ್ದನ್ನು ಉಗುಳುವುದುಂಟೇ? ಸೀಮೆಎಣ್ಣೆಯ ಮಾತಿಗೆ ಎಲ್ಲರೂ ನಕ್ಕರು, ಮೂಸಿ ನೋಡಿ ಹೌದೌದು ಅಂದರು. ಇಟಲಿಯದರಲ್ಲಿ ಹುಣಸೆಹಣ್ಣು ಮತ್ತು ಹೊಸ ಚಪ್ಪಲಿಯ ತೊಗಲು ಎಂದೆ. ಸಾಹುಕಾರರು ಮತ್ತೊಂದು ಗ್ಲಾಸು ಕೇಳಿದರು. ನನ್ನ ಎದೆ ಉಬ್ಬಿತ್ತು, ಸುಳ್ಳು ಯಾಕೆ ಹೇಳಲಿ.

ಕೊನೆಗೆ ಫ್ರಾನ್ಸಿನ ಬೋರ್ಡೊ. ಎಲ್ಲಕ್ಕಿಂತ ದುಬಾರಿ, ತರಿಸಿದ್ದು ಒಂದೇ ಬಾಟಲಿ, ಅದಕ್ಕೇ ಅಲ್ಲಿಯವರೆಗೆ ತೆರೆದಿರಲಿಲ್ಲ. ಎಂಜಿನಿಯರ್ ಸಾಹೇಬರು ಅದಕ್ಕೇ ಕಾಯುತ್ತಿದ್ದರು. ಗ್ಲಾಸು ತಿರುಗಿಸಿ, ಕಣ್ಣು ಮುಚ್ಚಿ, ಒಂದು ಗುಟುಕು ಕುಡಿದು, “ಇದು ನೋಡ್ರಿ ಖರೇ ಮಾಲು. ಪ್ಯಾರಿಸ್‌ನಾಗ ಕುಡದದ್ದು ಹಿಂಗ ಇತ್ತು,” ಅಂದರು. ಕೂತವರೆಲ್ಲ ಆಹಾ ಅಂದರು.

ನಾನು ನನ್ನ ಗ್ಲಾಸನ್ನು ಮೂಗಿಗೆ ಹಿಡಿದೆ. ಹಣ್ಣಿಲ್ಲ, ಹೂವಿಲ್ಲ. ನೆನೆದು ಒಣಗಿದ ಗೋಣಿಚೀಲ. ಅಪ್ಪನ ಗೋದಾಮಿನ ಹಿಂದಿನ ಮೂಲೆಗೆ ಹೋಗಿ ನಿಂತ ಹಾಗಾಯಿತು. ಬಾಟಲಿಯ ಬಿರಡೆ ಮರದ ತೊಗಟೆಯದು, ಒಮ್ಮೊಮ್ಮೆ ಅದಕ್ಕೆ ಮುಗ್ಗಲು ಹಿಡಿದು ಒಳಗಿನದೆಲ್ಲ ಕೆಡುತ್ತದೆ ಎಂದು ಕ್ಯಾಂಪಿನವನೇ ಹೇಳಿಕೊಟ್ಟಿದ್ದ. ಅವನ ಕಡೆ ನೋಡಿದೆ.

ಅವನು ಮೂಸಿದ, ಕುಡಿದ, ಮತ್ತೆ ಮೂಸಿದ. ಮುಖ ಚಿಕ್ಕದಾಯಿತು. “ರುಚಿ ಜರಾ ಸಪ್ಪಗೈತ್ರಿ ಯಣ್ಣ. ಆದ್ರ ಮೂಗಿನಾಗ ಇನ್ನೂ ಲೋಬಾನನ ಐತಿ. ಕೆಟ್ಟೈತಿ ಅಂತ ಆಣಿ ಮಾಡಿ ಹೇಳಾಕ ನನಗ ಆಗವಲ್ದು.”

“ಕೆಟ್ಟೈತಿ,” ಅಂದೆ ನಾನು. “ಯಾರೂ ಕುಡೀಬ್ಯಾಡ್ರಿ.”

ಎಂಜಿನಿಯರ್ ಸಾಹೇಬರು ಗ್ಲಾಸು ಕೆಳಗಿಟ್ಟರು. “ಮಣ್ಣಿನ ವಾಸನಿ ಅಂತಾರ ಅದಕ್ಕ, ಅಲ್ಲಿಯವರು ಅದಕ್ಕನ ರೊಕ್ಕ ಕೊಡ್ತಾರ. ಜನ್ಮದಾಗ ಒಂದು ಹನಿ ಕುಡದವರಲ್ಲ ನೀವು. ಅಷ್ಟ್ ಗೊತ್ತಿದ್ರ ಒಂದು ಗುಟುಕು ಕುಡದ ಹೇಳ್ರಿ. ಆಗ ಒಪ್ಪತೀನಿ.”

ಕೆಳಗೆ ರಸ್ತೆಯಲ್ಲಿ ಆಟೋದವನೊಬ್ಬ ಮಸ್ಕಿ, ಮಸ್ಕಿ ಎಂದು ಕೂಗುತ್ತಿದ್ದ. ಗ್ಲಾಸು ನನ್ನ ತುಟಿಗೆ ಅಷ್ಟು ಹತ್ತಿರ ಎಂದೂ ಬಂದಿರಲಿಲ್ಲ. ಒಂದೇ ಗುಟುಕು, ವಾದ ಮುಗಿಯುತ್ತದೆ, ಅಂಗಡಿಯ ಮಾನ ಉಳಿಯುತ್ತದೆ, ಕ್ಯಾಂಪಿನವನು ಗೋವಾಕ್ಕೆ ವಾಪಸಾಗದೆ ಇಲ್ಲೇ ನಿಲ್ಲುತ್ತಾನೆ. ಯಾರಿಗೆ ಗೊತ್ತಾಗುತ್ತದೆ ಎಂದು ಕೇಳಿಕೊಳ್ಳುವ ಹಾಗಿರಲಿಲ್ಲ, ಅವ್ವನಿಗೆ ಗೊತ್ತಾಗುತ್ತದೆ. ಅಷ್ಟೇ ಅಲ್ಲ, ಕುಡಿದಾದರೂ ನಾನು ಏನು ಹೇಳಲಿ? ನನ್ನ ನಾಲಿಗೆಗೆ ಇದರ ಅಆಇಈ ಗೊತ್ತಿಲ್ಲ. ಗೊತ್ತಿರುವ ಮೂಗನ್ನು ಬಿಟ್ಟು ಗೊತ್ತಿಲ್ಲದ ನಾಲಿಗೆಯನ್ನು ಸಾಕ್ಷಿಗೆ ಕರೆದರೆ ಅದು ಸುಳ್ಳು ಸಾಕ್ಷಿ.

“ಸಾಹೇಬ್ರ, ನಾ ಇದನ್ನ ಕುಡ್ಯಾಂಗಿಲ್ಲ,” ಅಂದೆ. “ನಿಮಗ ಕುಡಸಾಂಗೂ ಇಲ್ಲ.”

ಅವರ ಮುಂದಿನ ಗ್ಲಾಸನ್ನೇ ಮೊದಲು ಎತ್ತಿಕೊಂಡು ಬಕೆಟ್ಟಿಗೆ ಸುರಿದೆ. ಉಳಿದವರದನ್ನೂ ಸುರಿದೆ. ಬಾಟಲಿಯನ್ನು ತಲೆಕೆಳಗು ಮಾಡಿ ಹಿಡಿದೆ. ಗಳಗಳ ಎಂದು ಸುರಿಯುವಾಗ ಬಕೆಟ್ಟಿನಿಂದ ಸಿಡಿದು ನನ್ನ ಬಿಳಿ ಅಂಗಿಯ ತೋಳು ಕೆಂಪಾಯಿತು.

“ನಾಟಕ!” ಎಂದು ಸಾಹೇಬರು ಎದ್ದು ಮೆಟ್ಟಿಲು ಇಳಿದರು. ಮಸ್ಕಿಯ ಸಾಹುಕಾರರು ಬಕೆಟ್ಟನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, “ಆ ಚಪ್ಪಲಿ ವಾಸನಿದು ಎರಡು ಕಟ್ಟಸ್ರಿ,” ಎಂದರು. ಉಳಿದವರು ಏನನ್ನೂ ಕೊಳ್ಳದೆ ಎದ್ದರು. ಕ್ಯಾಂಪಿನವನು ಗ್ಲಾಸುಗಳನ್ನು ತೊಳೆಯುತ್ತ ನಿಂತ, ನನ್ನ ಕಡೆ ನೋಡಲಿಲ್ಲ.

ಮನೆಗೆ ನಡೆದುಕೊಂಡು ಹೋದೆ. ಇನ್ನೂ ದೀಪ ಹಚ್ಚುವ ಹೊತ್ತು. ನನ್ನ ಮೂಗಿನ ಬಗ್ಗೆ ಅನುಮಾನವಿಲ್ಲ ಎಂದೆನಲ್ಲ, ಆ ದಾರಿಯಲ್ಲಿ ಮಾತ್ರ ಇತ್ತು. ನಿಜವಾಗಿಯೂ ಮಣ್ಣಿನ ವಾಸನೆಯೇ ಆಗಿದ್ದರೆ? ಚಿಕ್ಕಂದಿನ ಗೋದಾಮನ್ನು ನಾನೇ ಆ ಗ್ಲಾಸಿನೊಳಗೆ ಕಲ್ಪಿಸಿಕೊಂಡಿದ್ದರೆ? ಇಷ್ಟು ಜನರೆದುರು ಒಳ್ಳೆಯ ಮಾಲನ್ನು ಚೆಲ್ಲಿದ ಪೆದ್ದ ನಾನಾಗಿದ್ದರೆ?

ಅಂಗಿ ಬದಲಿಸುವುದು ತಲೆಗೇ ಹೊಳೆಯಲಿಲ್ಲ. ಕೈಕಾಲು ತೊಳೆದು ಅವ್ವನ ಮುಂದೆ ಬಗ್ಗಿದೆ. ಅವಳಿಗೆ ಈಗ ಕಣ್ಣು ಮಂಜು. ವಿಭೂತಿಯ ಬೆರಳು ಎತ್ತಿಕೊಂಡು, ಮುಖದ ಹತ್ತಿರ ಬಂದು ಉಸಿರು ಎಳೆದಳು. ಬೆರಳು ಗಾಳಿಯಲ್ಲೇ ನಿಂತಿತು. ಕುಡಿದಿಲ್ಲ ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳು ಎಡಗೈಯಿಂದ ನನ್ನ ತೋಳು ಹಿಡಿದೆಳೆದು, ಒದ್ದೆಯಾದ ಅಂಗಿಗೆ ಮೂಗು ಇಟ್ಟು ಮತ್ತೊಮ್ಮೆ ಎಳೆದಳು.

“ಎಲ್ಲಿಗೆ ಹೋಗಿದ್ದಿ? ನೆನದ ಗೋಣಿಚೀಲದ ವಾಸನಿ ಬರಾಕತ್ತೈತಲ್ಲ.”

ನನ್ನ ಕಣ್ಣು ತುಂಬಿ ಬಂತು. “ಒಂದು ಬಾಟಲಿ ಕೆಟ್ಟಿತ್ತು ಯವ್ವ,” ಎಂದೆ ಕೊನೆಗೆ.

“ಏನ್ ಮಾಡಿದಿ ಅದನ್ನ?”

“ಚೆಲ್ಲಿದೆ. ಎಲ್ಲಾರ ಮುಂದ.”

ಅವಳು ವಿಭೂತಿಯನ್ನು ಹಣೆಗೆ ಎಂದಿಗಿಂತ ಅಗಲವಾಗಿ ಎಳೆದಳು. ಪಕ್ಕದಲ್ಲಿ ಜಾಗ ಮಾಡಿಕೊಟ್ಟು, ಚೀಲ ಆರಿಸುವಾಗ ಕೂತಿದ್ದ ಹಾಗೆ ಕಾಲು ಚಾಚಿ ಕೂತಳು. ಆಮೇಲೆ, ಅಂಗಡಿ ತೆರೆದ ದಿನದಿಂದ ನಾನು ಕಾಯುತ್ತಿದ್ದ ಪ್ರಶ್ನೆಯನ್ನು, ಅಡುಗೆಗೆ ಉಪ್ಪು ಸಾಕೇ ಎಂದು ಕೇಳುವಷ್ಟು ಸಹಜವಾಗಿ ಕೇಳಿದಳು.

“ಉಳದವು ಹೆಂಗಿದ್ದವು?”

ನಾನು ಅವಳ ಮಗ್ಗುಲಲ್ಲಿ ಕೂತು, ಸೀಮೆಎಣ್ಣೆಯದರಿಂದ ಶುರು ಮಾಡಿ ಎಲ್ಲವನ್ನೂ ಹೇಳಿದೆ.