ನಕ್ಕೋ ಎಂಬುದಕ್ಕೆ ಕಾಲಂ ಇರಲಿಲ್ಲ

ಫೆಬ್ರವರಿ ಎಂಟು, ಶನಿವಾರ, ಬೆಳಿಗ್ಗೆ ಹತ್ತೂಕಾಲು. ಆ ಮಗುವಿನ ಬಾಯಿಂದ ನಾನು ಮೊದಲ ಪದ ಕೇಳಿದ್ದು ಆಗ. ಮೇಜಿನ ಆಚೆ ಕೂತಿದ್ದ ವಿದ್ಯಾರ್ಥಿನಿ ಅದೇ ಹೊತ್ತಿಗೆ ಹಾಳೆಯಲ್ಲಿ ‘ಸಹಕರಿಸಲಿಲ್ಲ’ ಎಂಬ ಕಡೆ ಗುರುತು ಹಾಕಿದಳು.

ನಾನು ಆಗ ಪಶ್ಚಿಮ ಉಪನಗರದ ಒಂದು ವಿಶ್ವವಿದ್ಯಾಲಯದಲ್ಲಿ ಗುತ್ತಿಗೆಯ ಮೇಲೆ ಕೆಲಸಕ್ಕಿದ್ದೆ. ಹುದ್ದೆಯ ಹೆಸರು ಬಾಗಿಲ ಫಲಕದಲ್ಲಿ ಹಿಡಿಸದಷ್ಟು ಉದ್ದ. ಮಾಡಬೇಕಾದ್ದು ಇಷ್ಟೇ: ವಿಶ್ವವಿದ್ಯಾಲಯದಿಂದ ಊರಿನ ಜನಕ್ಕೆ ಆಗುವ ಪ್ರಯೋಜನವನ್ನು ಅಳೆದು ವಾರ್ಷಿಕ ವರದಿಗೆ ಕೊಡುವುದು. ನನಗೆ ಕನ್ನಡ ಬರುತ್ತದೆ, ದಿನವೂ ತಾರೀಕು ಹಾಕಿ ಡೈರಿ ಬರೆಯುತ್ತೇನೆ ಎಂದು ಸಂದರ್ಶನದಲ್ಲಿ ಹೇಳಿಕೊಂಡಿದ್ದೆ. ಅವರಿಗೆ ಎರಡೂ ಬೇಕಾಗಿತ್ತು.

ಅಳೆಯಲು ನನಗೆ ಕೊಟ್ಟದ್ದು ಶನಿವಾರದ ಉಚಿತ ಚಿಕಿತ್ಸಾ ಕೇಂದ್ರವನ್ನು. ಮಾತು ತಡವಾದ ಮಕ್ಕಳಿಗೆ ಅಲ್ಲಿ ಮಾತು ಕಲಿಸುತ್ತಿದ್ದರು. ಕಲಿಸುವವರು ಎರಡನೇ ವರ್ಷದ ವಿದ್ಯಾರ್ಥಿನಿಯರು. ಕುರ್ಲಾದಿಂದ ಒಬ್ಬ ತಾಯಿ ನಾಲ್ಕು ವರ್ಷದ ಮಗಳನ್ನು ಕಟ್ಟಿಕೊಂಡು, ದಾದರ್‌ನಲ್ಲಿ ಲೋಕಲ್ ಬದಲಿಸಿ, ಆ ಸೇತುವೆಯ ನೂಕುನುಗ್ಗಲು ದಾಟಿ ಬರುತ್ತಿದ್ದಳು. ಬಿಜಾಪುರದ ಕಡೆಯವಳು. ಮನೆಯಲ್ಲಿ ಸೀರೆಗೆ ಫಾಲ್ ಹಚ್ಚುತ್ತಾಳೆ. ಮಗಳೊಡನೆ ದಖ್ಖನಿ ಉರ್ದು, ನನ್ನೊಡನೆ ಕನ್ನಡ.

ಮೊದಲ ಶನಿವಾರಗಳಲ್ಲಿ ಮಗು ಬರೀ ಅತ್ತಿತು. ಆಮೇಲೆ ಅಳು ನಿಂತು ಮೇಜಿನಡಿ ಕೂರಲು ಶುರುಮಾಡಿತು. ಎಂಟನೇ ತಾರೀಕಿನಂದು ವಿದ್ಯಾರ್ಥಿನಿ ಸೇಬಿನ ಚಿತ್ರದ ಕಾರ್ಡು ತೋರಿಸಿದಾಗ ಅದನ್ನು ತಳ್ಳಿ, ಸ್ಪಷ್ಟವಾಗಿ ಹೇಳಿತು: “ನಕ್ಕೋ.”

ಬೇಡ ಎಂದು. ಮರಾಠಿಯವರ ‘ನಕೋ’ಗೆ ಒಂದು ಒತ್ತು ಹೆಚ್ಚು, ಅಷ್ಟೇ. ಅರ್ಥವಾಗದವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ. ಅರ್ಥವಾದದ್ದೇ ಎಡವಟ್ಟಾಯಿತು. ಬೇಡ ಎಂದಿತು, ಹಾಗಾಗಿ ಸಹಕರಿಸಲಿಲ್ಲ. ನಾಲ್ಕು ವರ್ಷ ಬಾಯಿ ಬಿಡದ ಮಗು ಮಾತಾಡಿತು ಎಂಬುದು ಹಾಳೆ ತುಂಬುವವರ ತಲೆಗೆ ಹೋಗಲಿಲ್ಲ.

“ಇದು ಪದ ಅಲ್ವೇನೇ?” ಎಂದೆ.

“ಲಿಸ್ಟಲ್ಲಿ ಇಲ್ಲ ದೀದಿ. ಸೇಬು, ಬಸ್, ಬೆಕ್ಕು ಅಂದ್ರೆ ಮಾತ್ರ ಮಾರ್ಕ್ ಮಾಡೋದು,” ಎಂದಳು. ಅವಳ ಮೇಲೆ ನನಗೆ ಕೋಪವಿಲ್ಲ. ಆ ಹಾಳೆಯನ್ನು ಎ.ಸಿ. ಕೋಣೆಯಲ್ಲಿ ಕೂತು ತಯಾರಿಸಿದ ಸಮಿತಿಯ ಮೇಲಿದೆ, ಇವತ್ತಿಗೂ ಇದೆ.

ಅಂದಿನಿಂದ ನನ್ನ ಡೈರಿಯಲ್ಲಿ ಬೇರೆ ಗೆರೆ ಎಳೆಯತೊಡಗಿದೆ. ಹದಿನೈದನೇ ತಾರೀಕು: ನಕ್ಕೋ, ಮೂರು ಸಲ. ಇಪ್ಪತ್ತೆರಡು: “ಅಮ್ಮೀ, ನಕ್ಕೋ.” ಎರಡು ಪದ ಒಟ್ಟಿಗೆ. ಮಾರ್ಚ್ ಒಂದು: “ಏ ನಕ್ಕೋ,” ಇದು ಬೇಡ ಎಂದು ಬೆರಳು ತೋರಿಸಿ. ಅದೇ ನಾಲ್ಕು ವಾರಗಳ ಅಧಿಕೃತ ಹಾಳೆಯಲ್ಲಿ ಪ್ರಗತಿ ಎಂಬಲ್ಲಿ ಸೊನ್ನೆ, ಸೊನ್ನೆ, ಸೊನ್ನೆ, ಸೊನ್ನೆ.

ಮಾರ್ಚ್ ಎಂಟರಂದು ಪ್ರಚಾರ ವಿಭಾಗದ ಮುಖ್ಯಸ್ಥರು ಕ್ಯಾಮೆರಾದೊಂದಿಗೆ ಬಂದರು. ಮಂಗಳೂರು ಮೂಲ, ದಾದರ್‌ನಲ್ಲೇ ಬೆಳೆದವರು. ಪ್ರಾದೇಶಿಕ ಭಾಷೆಯಲ್ಲೂ ಒಂದು ವಿಡಿಯೋ ಇರಬೇಕೆಂದು ಮೇಲಿನಿಂದ ಆಜ್ಞೆಯಾಗಿತ್ತಂತೆ. ತಾಯಿ ಹೇಳಬೇಕಾದ ವಾಕ್ಯವನ್ನು ತಾವೇ ಬರೆದು ತಂದಿದ್ದರು: ‘ವಿಶ್ವವಿದ್ಯಾಲಯದ ಉಪಕಾರವನ್ನು ನಾನು ಎಂದಿಗೂ ಮರೆಯುವುದಿಲ್ಲ.’ ವರದಿಯ ‘ಬೆನಿಫಿಟ್’ ಎಂಬ ಪದಕ್ಕೆ ಆ ಮನುಷ್ಯನಿಗೆ ಹೊಳೆದ ಕನ್ನಡ ‘ಉಪಕಾರ’.

ನಾನು ಓದಿ ಹೇಳಿದೆ. ಆಕೆ ಮಗುವಿನ ಮೂಗು ಒರೆಸುತ್ತಿದ್ದವಳು ಕೈ ನಿಲ್ಲಿಸಿದಳು.

“ಉಪಕಾರಾ? ಯಾರು ಯಾರಿಗಿ ಮಾಡ್ಯಾರ್ರಿ ಉಪಕಾರ?”

“ಫ್ರೀ ಅಲ್ವಾ ಮಾರಾಯ್ರೆ,” ಎಂದರು ಮುಖ್ಯಸ್ಥರು. “ಹೊರಗೆ ಹೋದ್ರೆ ಎಷ್ಟು ತಕೊಳ್ತಾರೆ ಗೊತ್ತುಂಟಾ?”

“ನಿಮ್ಮ ಹುಡುಗ್ಯಾರು ನನ್ನ ಮಗಳ ಮ್ಯಾಲ ಕಲ್ಯಾಕ ಹತ್ತ್ಯಾರ. ಆಕಿ ಅತ್ರೂ ಬರ್ಕೋತಾರ, ಸೀನಿದ್ರೂ ಬರ್ಕೋತಾರ. ನಾಳಿ ಅವರು ಪಾಸಾಗಿ ಡಾಕ್ಟರ್ ಬಾಜೂಕ ಬೋರ್ಡ್ ಹಾಕ್ಕೋತಾರ. ನಾ ಯಾವಾಗರ ಬಂದು, ನನ್ನ ಉಪಕಾರ ಮರೀಬ್ಯಾಡ್ರೀ ಅಂದೀನೇನು?”

“ಎಂತ ಬಾಯಿ ಇವರದ್ದು!” ಎಂದು ಅವರು ನನ್ನ ಕಡೆ ತಿರುಗಿದರು. “ನೀನು ಸ್ವಲ್ಪ ಹೇಳು.”

“ಮಗಳ ಬಾಯಿ ಬಿಡಿಸ್ತೀವಂತ ಕರದು ನನ್ನ ಬಾಯಿ ಬಿಡಿಸೀರಿ,” ಎಂದಳು ಆಕೆ. ಕ್ಯಾಮೆರಾದ ಹುಡುಗಿ ಕಿಸಕ್ಕನೆ ನಕ್ಕಳು.

ಆಗ ಮಗು ಲೈಟಿನ ಕಡೆ ಕಣ್ಣು ಕಿರಿದು ಮಾಡಿ, ತಾಯಿಯ ಓಢಣಿ ಜಗ್ಗಿ, ಹೇಳಿತು: “ಏ ನಕ್ಕೋ. ಅಮ್ಮೀ, ಘರ್ಕು.”

ಮನೆಗೆ ಹೋಗೋಣ ಎಂದು. ‘ಘರ್ಕು’ ಹೊಸದು. ತಾಯಿ ಕೂತಲ್ಲೇ ಅಲ್ಲಾಡಲಿಲ್ಲ. ಮಗುವನ್ನು ನೋಡಿದಳು, ನನ್ನನ್ನು ನೋಡಿದಳು. ಅವಳ ಸಿಟ್ಟೆಲ್ಲ ಎಲ್ಲಿ ಹೋಯಿತೋ.

“ಸಾರ್, ರೆಕಾರ್ಡ್ ಆಗಿದೆಯಲ್ಲ, ಇದನ್ನೇ ಹಾಕಿ,” ಎಂದೆ. “ನಿಮಗೆ ಬೇಕಾದ ಪ್ರಯೋಜನ ಇದೇ.”

“ಮಗು ಬೇಡ, ಮನೆಗೆ ಹೋಗ್ತೇನೆ ಅಂತ ಹೇಳುದನ್ನು ತೋರಿಸಿ ಯಾರ ಹತ್ರ ಡೊನೇಶನ್ ಕೇಳುದು ನಾನು? ತಲೆ ಉಂಟಾ ನಿನಗೆ?”

ನನಗೆ ತಲೆ ಇತ್ತು. ನಾಲಗೆಯೂ ಇತ್ತು. ಆ ದಿನ ನಾನು ಅವರಿಗೆ ಹೇಳಿದ್ದನ್ನು ಡೈರಿಯಲ್ಲಿ ಪೂರ್ತಿ ಬರೆದಿದ್ದೇನೆ, ಇಲ್ಲಿ ಬರೆಯುವಂತಿಲ್ಲ. ನನ್ನ ಗುತ್ತಿಗೆಯನ್ನು ಅವರು ಮುಂದುವರಿಸಲಿಲ್ಲ ಎಂದಷ್ಟೇ ಹೇಳಿದರೆ ಸಾಕು.

ವರದಿ ಮೇ ತಿಂಗಳಲ್ಲಿ ಬಂತು. ಹೊಳೆಯುವ ಕಾಗದ. ಶನಿವಾರದ ಕೇಂದ್ರದ ಪುಟದಲ್ಲಿ ನಗುತ್ತಿದ್ದ ಮಗು ಅಲ್ಲಿಗೆ ಎಂದೂ ಬಂದದ್ದಲ್ಲ. ಎಲ್ಲಿಂದಲೋ ಕೊಂಡ ಚಿತ್ರ. ‘ಸಮಾಜದೊಂದಿಗೆ ನಮ್ಮ ಸಂವಾದ’ ಎಂದು ತಲೆಬರಹ. ಅದೇ ವಾರ ಕೇಂದ್ರದ ಬಾಗಿಲಿಗೆ ಇಂಗ್ಲಿಷಿನ ಚೀಟಿ ಅಂಟಿಸಿದರು: ಅಳೆಯಬಹುದಾದ ಪ್ರಯೋಜನ ಕಾಣದ ಕಾರಣ ಶನಿವಾರದ ಸೇವೆ ನಿಲ್ಲಿಸಲಾಗಿದೆ, ವಾರದ ದಿನಗಳಲ್ಲಿ ಬರಬಹುದು. ವಾರದ ದಿನಗಳಲ್ಲಿ ಬೆಳಗಿನ ಲೋಕಲ್‌ಗೆ ಆ ಮಗುವನ್ನು ಎತ್ತಿಕೊಂಡು ಹತ್ತಿ ನೋಡಲಿ ಆ ಸಮಿತಿಯವರು. ದಾದರ್ ಸೇತುವೆಯ ಮೇಲೆ ಅವರಿಗೂ ಒಂದು ಹಾಳೆ ಕೊಟ್ಟು ಗುರುತು ಹಾಕುತ್ತೇನೆ.

ಚೀಟಿಯನ್ನು ಫೋನಿನಲ್ಲಿ ಆಕೆಗೆ ಓದಿ ಹೇಳಿದವಳು ನಾನೇ.

“ತಂಗಿ, ನೀ ತಾರೀಖ ಹಾಕಿ ಬರ್ಕೊಂಡಿಯಲ್ಲ, ಅದು ಎಣಿಕಿಗಿ ಬರೂದಿಲ್ಲೇನು?”

“ಇಲ್ಲ ಅಕ್ಕ. ಕಳಿಸಿದ್ದೆ. ಅವರ ಪಟ್ಟಿಯಲ್ಲಿಲ್ಲ ಅಂತ ವಾಪಸ್ ಬಂತು.”

“ಅವರ ಪಟ್ಟಿಗಿ ಬೆಂಕಿ ಹಾಕ. ಬ್ಯಾರೆ ಜಾಗಾ ನೋಡು. ಈಗ ಬಿಟ್ರ ಮತ್ತ ಸುಮ್ಮಾಗ್ತಾಳ.”

ಮೂರು ಕಡೆ ಕೇಳಿದ್ದೇನೆ. ಎಲ್ಲ ಕಡೆ ಸೇಬು, ಬಸ್, ಬೆಕ್ಕು. ಹಿಂದಿ ಇಲ್ಲವೆ ಇಂಗ್ಲಿಷ್. ಮಗು ಈಗ ‘ಪಾನಿ’ ಅನ್ನುತ್ತದಂತೆ. ಜೂನ್ ಏಳು ಎಂದು ಬರೆದುಕೊಂಡಿದ್ದೇನೆ.

ಕುರ್ಲಾದಿಂದ ಒಂದೇ ಲೋಕಲ್‌ನಲ್ಲಿ ಹೋಗಬಹುದಾದ ಕಡೆ, ಶನಿವಾರ ಇಲ್ಲವೆ ಭಾನುವಾರ ಮಕ್ಕಳಿಗೆ ಮಾತು ಕಲಿಸುವವರು, ಅದರಲ್ಲೂ ದಖ್ಖನಿಯೋ ಕನ್ನಡವೋ ಕಿವಿಗೆ ಬಿದ್ದು ಗೊತ್ತಿರುವವರು, ಯಾರಾದರೂ ನಿಮಗೆ ತಿಳಿದಿದ್ದರೆ ಈ ಬರಹ ಅಚ್ಚಾದಲ್ಲಿಗೆ ಎರಡು ಸಾಲು ಬರೆದು ಹಾಕಿ. ‘ನಕ್ಕೋ’ ಅಂದರೆ ಅಲ್ಲಿ ಏನೆಂದು ಬರೆದುಕೊಳ್ಳುತ್ತಾರೆ ಎಂಬುದನ್ನು ಕೇಳಿ ತಿಳಿದು, ಅದನ್ನೂ ಬರೆಯಿರಿ.